ಬಾತುಕೋಳಿಯ ಹಿಂದೆ ಕೂತವರು

ನವೆಂಬರ್ 6

ಅಕ್ಕಾ,

ಚಳಿ ಶುರುವಾಯಿತು, ನಮ್ಮ ಐಸ್‌ಕ್ರೀಮು ಯಾರಿಗೂ ಬೇಡವಾಯಿತು. ಪ್ರತಿ ವರ್ಷದ ಹಾಡೇ. ಕಾರ್ಖಾನೆಯ ದೊಡ್ಡ ಕೋಲ್ಡ್ ರೂಮು ಆಫ್ ಮಾಡಿ ಬಾಗಿಲು ತೆರೆದಿಟ್ಟಿದ್ದೇವೆ. ಈಗ ಅದರೊಳಗಿನದಕ್ಕಿಂತ ಹೊರಗಿನ ಚಳಿಯೇ ಹೆಚ್ಚು. ಮ್ಯಾನೇಜರು ಮಧ್ಯಾಹ್ನಕ್ಕೇ ನಮ್ಮನ್ನೆಲ್ಲ ಮನೆಗೆ ಅಟ್ಟುತ್ತಾರೆ. ಉಳಿದ ಮೆಕ್ಯಾನಿಕ್‌ಗಳು ಇಸ್ಪೀಟಿಗೆ ಕೂರುತ್ತಾರೆ. ನನಗೆ ಇಸ್ಪೀಟು ಬರುವುದಿಲ್ಲ, ಕಲಿಸಲು ಬಂದವರಿಗೆ ತಾಳ್ಮೆ ಇರುವುದಿಲ್ಲ.

ಅದಕ್ಕೇ ಒಂದು ಕೆಲಸ ಮಾಡಿದ್ದೇನೆ, ಬೈಯಬೇಡ. ಕೆಲಸ ಬಿಟ್ಟು ಹೋಗುತ್ತಿದ್ದ ನಮ್ಮ ಸ್ಟೋರ್ ಕೀಪರ್ ಹತ್ತಿರ ಅವರ ಹಳೆಯ ಕ್ಯಾಮೆರಾ ಕೊಂಡುಕೊಂಡೆ. ಈಗ ಮಧ್ಯಾಹ್ನವೆಲ್ಲ ಅದನ್ನು ಕುತ್ತಿಗೆಗೆ ಹಾಕಿಕೊಂಡು ಅಲೆಯುತ್ತೇನೆ. ಮನುಷ್ಯರ ಫೋಟೋ ತೆಗೆಯಲು ಧೈರ್ಯ ಸಾಲದು, ಅವರನ್ನು ಮಾತಾಡಿಸಬೇಕಾಗುತ್ತದೆ. ಹಾಗಾಗಿ ಕಾಗೆ, ಬೆಕ್ಕು, ನಮ್ಮ ಕಾವಲುಗಾರನ ನಾಯಿ, ಜೇಡರ ಬಲೆ, ಒದ್ದೆ ಎಲೆ. ಇವು ಯಾವುವೂ ನನ್ನನ್ನು ಏನೂ ಕೇಳುವುದಿಲ್ಲ.

ಮೊದಲ ರೋಲು ಇದರ ಜೊತೆ ಇದೆ. ಅಕ್ಕ ಫೋಟೋ ಸ್ಟುಡಿಯೋದಲ್ಲಿರುವಾಗ ಬೇರೆ ಕಡೆ ತೊಳೆಸಿದರೆ ನೀನು ನನ್ನನ್ನು ಸುಮ್ಮನೆ ಬಿಡುತ್ತೀಯಾ? ಖಾಲಿ ಕ್ರೇಟಿನಲ್ಲಿ ಮಲಗಿರುವ ಬೆಕ್ಕು ಅರ್ಧ ಬಂದಿರಬಹುದು. ನಾನು ಒತ್ತುವ ಹೊತ್ತಿಗೆ ಅದು ಎದ್ದಿತು.

ನಿನ್ನ ತಮ್ಮ


ನವೆಂಬರ್ 14

ಪ್ರೀತಿಯ ಗುಮ್ಮಾ,

ನಿನ್ನ ಕಾಗದ ಓದಿ ನಿನ್ನ ಭಾವನಿಗೂ ಓದಿ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕರು. ಹುಟ್ಟಾ ಗುಮ್ಮನಗುಸುಕ ನೀನು. ಮನೆಗೆ ನೆಂಟರು ಬಂದರೆ ಮಂಚದ ಕೆಳಗೆ ಸೇರಿಕೊಳ್ಳುತ್ತಿದ್ದವನು ಈಗ ಬೀದಿ ಬೀದಿ ಅಲೆಯುತ್ತಿದ್ದೀಯ ಅಂದರೆ ಆ ಸ್ಟೋರ್ ಕೀಪರ್‌ಗೆ ಒಂದು ನಮಸ್ಕಾರ ಹಾಕಬೇಕು.

ಬೆಕ್ಕು ಅರ್ಧವಲ್ಲ, ಮುಕ್ಕಾಲು ಬಂದಿದೆ. ಕಾಗೆ ಬಹಳ ಚೆನ್ನಾಗಿದೆ, ಯಾರಿಗೋ ಸಾಲ ಕೊಟ್ಟು ಕಾಯುತ್ತಿರುವವರ ಮುಖ ಅದಕ್ಕೆ. ನಿನ್ನ ಫೋಟೋಗಳನ್ನು ಬೇರೆ ಯಾರ ಕೈಗೂ ಕೊಡದೆ ನಾನೇ ತೊಳೆದು, ನಾನೇ ಪ್ರಿಂಟ್ ಹಾಕಿ, ನನ್ನ ಟಚಿಂಗ್ ಮೇಜಿನ ಮೇಲೆ ಇಟ್ಟುಕೊಂಡು ಚೊಕ್ಕ ಮಾಡಿದ್ದೇನೆ. ಬೆಕ್ಕಿನ ಕಣ್ಣಿನ ಗೀಜು ತೆಗೆದೆ. ಕಾವಲುಗಾರನ ನಾಯಿಗೆ ಒಂದು ಕಿವಿ ಹರಿದಿತ್ತಲ್ಲ, ಅದನ್ನು ಹೊಲಿದ ಹಾಗೆ ಸರಿಮಾಡಿದೆ. ದಿನವೆಲ್ಲ ಜನರ ಮೊಡವೆ ಕೆರೆಯುವುದು, ಇಬ್ಬರ ಜಗಳದ ಮುಖಕ್ಕೆ ನಗು ಬರೆಯುವುದು, ಹಿಂದೆ ಅಡ್ಡ ಬಂದವರನ್ನು ಅಳಿಸುವುದು. ಇಷ್ಟು ವರ್ಷ ಇದೇ ನನ್ನ ಅನ್ನ. ಕೈ ಸುಮ್ಮನಿರುವುದಿಲ್ಲ ಕಣೋ. ನೆಗೆಟಿವ್‌ಗಳು ನನ್ನ ಡಬ್ಬಿಯಲ್ಲಿ ಭದ್ರವಾಗಿವೆ.

ಇಲ್ಲಿ ಮೇಲಿನ ಕೋಣೆಗೆ ಬಣ್ಣ ಹೊಡೆಸುತ್ತಿದ್ದೇವೆ. ಯಾಕೆ ಅಂತ ಕೇಳಬೇಡ, ಹೇಳುವುದಿಲ್ಲ. ಸ್ವೆಟರ್ ಹಾಕಿಕೋ. ಕ್ಯಾಮೆರಾಕ್ಕೆ ಚರ್ಮದ ಚೀಲ ಹೊದಿಸಿ ನೀನು ಬರೀ ಅಂಗಿಯಲ್ಲಿ ತಿರುಗಬೇಡ.

ನಿನ್ನ ಅಕ್ಕ


ನವೆಂಬರ್ 23

ಅಕ್ಕಾ,

ಫೋಟೋಗಳು ಬಂದವು. ಬೆಕ್ಕು ಮದುವೆಗೆ ಹೊರಟ ಹಾಗಿದೆ. ನಾಯಿಯ ಫೋಟೋ ಕಾವಲುಗಾರನಿಗೆ ಕೊಟ್ಟೆ. ಅವನು ಬಹಳ ಹೊತ್ತು ನೋಡಿ, "ಚೆನ್ನಾಗಿದೆ ಸಾರ್, ಯಾರ ಮನೇದು?" ಅಂದ. ನಿಮ್ಮದೇ ಅಂದರೆ ನಂಬಲಿಲ್ಲ.

ಬಸ್ ಡಿಪೋ ದಾಟಿದರೆ ಒಂದು ಕೆರೆ ಇದೆ. ಇಷ್ಟು ವರ್ಷ ಇಲ್ಲಿದ್ದೂ ನಾನು ಆ ಕಡೆ ಹೋಗಿರಲಿಲ್ಲ. ಬೇಸಿಗೆಯಲ್ಲಿ ಅಲ್ಲಿ ಜನ ದೋಣಿ ಬಾಡಿಗೆಗೆ ತೆಗೆದುಕೊಂಡು ಸುತ್ತುತ್ತಾರಂತೆ, ಆ ಹೊತ್ತಿನಲ್ಲಿ ನಾನು ಕಂಪ್ರೆಸರ್ ಕೆಳಗೆ ಮಲಗಿರುತ್ತೇನೆ. ಈಗ ದೋಣಿಗಳನ್ನೆಲ್ಲ ದಡಕ್ಕೆ ಎಳೆದು ಬೋರಲು ಹಾಕಿದ್ದಾರೆ. ಹಳೆಯ ಬಣ್ಣ ಕೆರೆದು ಹೊಸದು ಬಳಿಯುವ ಕೆಲಸ ನಡೆಯುತ್ತಿದೆ. ಬೆಳಗಿನ ಮಂಜು ಮಧ್ಯಾಹ್ನದವರೆಗೂ ನೀರಿನ ಮೇಲೆ ಬಿದ್ದುಕೊಂಡಿರುತ್ತದೆ. ಬಾತುಕೋಳಿಗಳು ಅದರೊಳಗಿಂದ ಒಂದೊಂದಾಗಿ ಹೊರಗೆ ಬರುತ್ತವೆ, ಕರೆದರೆ ಬರುವುದಿಲ್ಲ, ಸುಮ್ಮನೆ ಕೂತರೆ ಕಾಲ ಬಳಿಗೇ ಬರುತ್ತವೆ. ಸುಮ್ಮನೆ ಕೂರುವುದರಲ್ಲಿ ನನ್ನನ್ನು ಮೀರಿಸುವವರು ಯಾರು?

ಈ ರೋಲಿನಲ್ಲಿ ಎಲ್ಲ ಕೆರೆಯದ್ದೇ. ಕೊನೆಯ ಕೆಲವು ಫೋಟೋಗಳನ್ನು ನಿಧಾನವಾಗಿ ನೋಡು. ಏನನ್ನಿಸಿತು ಅಂತ ಬರೆ. ಆತುರವೇನಿಲ್ಲ. ಬೇಗ ಬರೆದರೂ ಆಗುತ್ತದೆ.

ನಿನ್ನ ತಮ್ಮ


ಡಿಸೆಂಬರ್ 1

ಗುಮ್ಮಾ,

ಬಾತುಕೋಳಿಗಳೆಂದರೆ ಬಾತುಕೋಳಿಗಳು! ನಮ್ಮ ಸ್ಟುಡಿಯೋ ಯಜಮಾನರು ಯಾರನ್ನೂ ಸುಲಭಕ್ಕೆ ಹೊಗಳುವವರಲ್ಲ, ಅವರೇ ಎತ್ತಿಕೊಂಡು ನೋಡಿ "ಇದು ಯಾರು ತೆಗೆದದ್ದಮ್ಮಾ?" ಅಂದರು. ನನ್ನ ತಮ್ಮ ಅಂದೆ. ಆಗ ನನ್ನ ತಲೆ ಎಷ್ಟು ಮೇಲಕ್ಕೆ ಹೋಯಿತು ಅಂದರೆ ಮೇಲಿನ ಬಲ್ಬಿಗೆ ತಗುಲುವುದೊಂದು ಬಾಕಿ. ರೆಕ್ಕೆಯ ಮೇಲೆ ನೀರಿನ ಹನಿ ನಿಂತಿರುವ ಫೋಟೋವನ್ನು ನನ್ನ ಮೇಜಿನ ಎದುರಿಗೇ ಅಂಟಿಸಿಕೊಂಡಿದ್ದೇನೆ.

ನಿಧಾನವಾಗಿ ನೋಡು ಅಂದಿದ್ದೆ, ನೋಡಿದೆ. ಕೊನೆಯವುಗಳಲ್ಲಿ ಒಂದು ತೊಂದರೆ. ಬಾತುಕೋಳಿಯ ತಲೆಯ ಮೇಲೆ ಕೊಂಬು ಬಂದ ಹಾಗೆ ಹಿಂದೆ ಯಾರೋ ಕೂತಿದ್ದರು. ಕಣ್ಣು ಸುಮ್ಮನೆ ಅತ್ತಲೇ ಹೋಗುತ್ತದೆ, ಪಾಪ ಬಾತು ಬಡವಾಗುತ್ತದೆ. ಪ್ರಿಂಟಿನ ಮೇಲೆ ಚಾಕುವಿನ ತುದಿಯಿಂದ ಕೆರೆದು, ಕುಂಚದಿಂದ ಮಂಜು ತುಂಬಿದೆ. ಒಂದೊಂದಕ್ಕೂ ಅರ್ಧ ದಿನ ಹಿಡಿಯಿತು. ಈಗ ನೋಡು, ಅಲ್ಲಿ ಯಾರೂ ಇರಲೇ ಇಲ್ಲ ಅನ್ನಬೇಕು, ಹಾಗಿದೆ.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡ. ಫೋಕಸ್ ಬಾತುಕೋಳಿಯ ಮೇಲಿರಲಿ, ಹಿಂದಿನ ದೋಣಿಯ ಮೇಲೆ ಅಲ್ಲ. ಎರಡು ಕಡೆ ತಪ್ಪಿದೆ. ಹೊಸಬನಲ್ಲವೇ, ಪರವಾಗಿಲ್ಲ.

ನಿನ್ನ ಅಕ್ಕ


ಡಿಸೆಂಬರ್ 8

ಅಕ್ಕಾ,

ಫೋಟೋ ತಲುಪಿದವು. ಹೌದು, ಅಲ್ಲಿ ಯಾರೂ ಇರಲೇ ಇಲ್ಲ ಅನ್ನುವ ಹಾಗಿದೆ. ನಿನ್ನ ಕೈಗೆ ಸಾಟಿಯಿಲ್ಲ. ನಾನು ಒಂದೆರಡು ದಿನ ಕ್ಯಾಮೆರಾ ಮುಟ್ಟಲಿಲ್ಲ. ಆಮೇಲೆ ಮತ್ತೆ ಹೋದೆ.

ಅಲ್ಲಿ ದೋಣಿಗಳನ್ನು ದಡಕ್ಕೆ ಎಳೆಯುವ ಒಂದು ರಾಟೆ ಇದೆ, ಹಲ್ಲು ಸವೆದು ನಿಂತುಹೋಗಿತ್ತು. ಕಾರ್ಖಾನೆಯ ಹಳೆಯ ಸಾಮಾನಿನಲ್ಲಿ ಸರಿಹೋಗುವ ಚಕ್ರ ಹುಡುಕಿ ಹಾಕಿಕೊಟ್ಟೆ. ಟೀ ಸಿಕ್ಕಿತು. ಬಣ್ಣದ ಡಬ್ಬಿಯ ಮೇಲೆ ಕೂತು ಕುಡಿಯುವ ಟೀ ಬೇರೆಯೇ ರುಚಿ. ನಾನು ಮಾತಾಡಿದೆ, ಅಕ್ಕಾ. ಕಂಪ್ರೆಸರ್ ಬಗ್ಗೆ, ಐಸ್‌ಕ್ರೀಮು ಗಟ್ಟಿಯಾಗುವುದರ ಬಗ್ಗೆ, ಬಾತುಕೋಳಿಗಳ ಬಗ್ಗೆ. ಮನೆಗೆ ಬಂದ ಮೇಲೆ ಗಂಟಲು ನೋಯುತ್ತಿತ್ತು. ಅಭ್ಯಾಸವಿಲ್ಲ ನೋಡು.

ಇನ್ನೊಂದು ರೋಲು ಕಳಿಸಿದ್ದೇನೆ. ಇದರಲ್ಲಿ ಬಾತುಕೋಳಿಯ ಜೊತೆಗೆ ಹಿನ್ನೆಲೆಯ ಕಡೆಗೂ ಸ್ವಲ್ಪ ಗಮನ ಕೊಡು. ನೋಡಿದ ಮೇಲೆ ನಿನ್ನ ಮನಸ್ಸಿಗೆ ಬಂದದ್ದನ್ನು ಮುಚ್ಚುಮರೆಯಿಲ್ಲದೆ ಹೇಳು. ನೀನು ಏನು ಹೇಳಿದರೂ ನಾನು ಒಪ್ಪುತ್ತೇನೆ. ಅಮ್ಮ ಹೋದಾಗಿನಿಂದ ನಿನ್ನನ್ನು ಕೇಳದೆ ನಾನು ಯಾವುದಕ್ಕೂ ಕೈ ಹಾಕಿದವನಲ್ಲ, ನಿನಗೇ ಗೊತ್ತು.

ನಿನ್ನ ತಮ್ಮ


ಡಿಸೆಂಬರ್ 17

ಗುಮ್ಮಾ,

ಎರಡು ವಿಷಯ. ಚಿಕ್ಕದು ಮೊದಲು.

ರೋಲು ತೊಳೆದೆ. ಕೆರೆಯ ಮೇಲೆ ಮಿಂಚುಳ್ಳಿ ಎರಗುವ ಫೋಟೋ ನೋಡಿ ಬಾಯಿ ಬಿಟ್ಟೆ. ಅದು ಹೇಗೆ ಸಿಕ್ಕಿತು ನಿನಗೆ? ಉಳಿದವುಗಳಲ್ಲಿ ಹಿನ್ನೆಲೆ ನೋಡು ಅಂದೆಯಲ್ಲ, ಚೆನ್ನಾಗಿಯೇ ನೋಡಿದೆ. ಅದೇ ಜಾಗ, ಅದೇ ಅಡ್ಡ. ಮುಚ್ಚುಮರೆಯಿಲ್ಲದೆ ಹೇಳು ಅಂದಿದ್ದೀಯ, ಹೇಳುತ್ತೇನೆ: ಅದು ಅಲ್ಲಿ ಇರಬಾರದು. ಈ ಸಲ ಬುಡಸಮೇತ ತೆಗೆದಿದ್ದೇನೆ. ನಿನಗೆ ಅದೆಲ್ಲ ಬೇಡ, ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ. ಮುಂದೆ ಆ ದಿಕ್ಕು ಬಿಟ್ಟು ಬೇರೆ ಕಡೆ ತಿರುಗಿ ನಿಲ್ಲು, ನಿನಗೂ ಸಲೀಸು, ನನಗೂ ಸಲೀಸು.

ಈಗ ದೊಡ್ಡದು. ಹೊಟ್ಟೆಯಲ್ಲಿಟ್ಟುಕೊಂಡು ಹೊಟ್ಟೆಯೇ ಒಡೆಯುತ್ತಿತ್ತು. ನಮ್ಮ ಬೀದಿಯ ಕೊನೆಗಿರುವ ದೊಡ್ಡಾಸ್ಪತ್ರೆಯಲ್ಲಿ ಔಷಧ ಇಡುವ ಕೋಲ್ಡ್ ರೂಮುಗಳಿಗೆ ಮೆಕ್ಯಾನಿಕ್ ಬೇಕಂತೆ. ಭಾವ ಅಲ್ಲಿನ ಎಂಜಿನಿಯರ್ ಹತ್ತಿರ ಮಾತಾಡಿದ್ದಾರೆ. ವರ್ಷವಿಡೀ ಕೆಲಸ, ಚಳಿಗಾಲ ಬಂದರೆ ಮನೆಗೆ ಅಟ್ಟುವವರಿಲ್ಲ. ಫೆಬ್ರವರಿ ಮೊದಲಿಗೇ ಸೇರಬೇಕು. ಮೇಲಿನ ಕೋಣೆ ನಿನಗೇ ಕಣೋ! ಪರದೆ ಹೊಲಿದಿದ್ದೇನೆ, ಕಿಟಕಿಯ ಹೊರಗೆ ದೊಡ್ಡ ಮರ ಇದೆ, ಅದರಲ್ಲಿ ಅಳಿಲುಗಳಿವೆ, ಹಾಸಿಗೆಯ ಮೇಲಿಂದಲೇ ಫೋಟೋ ತೆಗೆಯಬಹುದು. ಇಷ್ಟು ವರ್ಷ ನೀನೊಂದು ದಿಕ್ಕು, ನಾನೊಂದು ದಿಕ್ಕು. ಸಾಕು. ಹೂಂ ಅನ್ನು.

ನಿನ್ನ ಅಕ್ಕ


ಡಿಸೆಂಬರ್ 26

ಅಕ್ಕಾ,

ಕಾಗದ ಬಂತು. ಎಲ್ಲ ಅರ್ಥವಾಯಿತು. ಏನು ಹೇಳಿದರೂ ಒಪ್ಪುತ್ತೇನೆ ಅಂದಿದ್ದೆ, ಒಪ್ಪಿದ್ದೇನೆ. ಫೆಬ್ರವರಿಗೆ ಬರುತ್ತೇನೆ. ಮ್ಯಾನೇಜರಿಗೆ ಇನ್ನೂ ಹೇಳಿಲ್ಲ, ಹೊಸ ವರ್ಷ ಕಳೆಯಲಿ. ಭಾವನವರಿಗೆ ನನ್ನ ಕೃತಜ್ಞತೆ ತಿಳಿಸು. ಪರದೆ ಹೊಲಿಯುವ ತೊಂದರೆ ಯಾಕೆ ತೆಗೆದುಕೊಂಡೆ.

ಇಲ್ಲಿ ಚಳಿ ಜಾಸ್ತಿ. ನಾನು ಆರೋಗ್ಯ.

ನಿನ್ನ ತಮ್ಮ


ಜನವರಿ 4

ಗುಮ್ಮಾ,

ನೀನು ಬರುತ್ತೀಯ ಅಂತ ಓದಿ ಅಡುಗೆಮನೆಯಲ್ಲಿ ನಿಂತಲ್ಲೇ ಕುಣಿದೆ. ನಿಜ ಹೇಳುತ್ತೇನೆ, ಈ ವಯಸ್ಸಿನಲ್ಲಿ ಕುಣಿದೆ. ಭಾವ ಬಾಗಿಲಲ್ಲಿ ನಿಂತು ನೋಡಿ, "ನಿಧಾನ, ಹೆಂಚು ಉದುರಿಸ್ತೀಯ" ಅಂದರು. ಆಮೇಲೆ ಕಾಗದ ಇಸಿದುಕೊಂಡು ಓದಿದರು. ಮಡಚಿ ಮೇಜಿನ ಮೇಲಿಟ್ಟು ಒಂದು ಮಾತು ಹೇಳಿದರು: "ಇದು ಬರೋನು ಬರೆದ ಕಾಗದ ಅಲ್ಲ ಕಣೇ, ಎಲ್ಲಿಂದಲೋ ಹೋಗೋನು ಬರೆದದ್ದು."

ಅವರ ಬಾಯಿಗೆ ಬೀಗ ಹಾಕಿದೆ. ಆದರೆ ಅಂದಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ಕೃತಜ್ಞತೆ ಅನ್ನುವ ಪದ ನೀನು ನನಗೆ ಬರೆಯುತ್ತೀಯಾ? ಜೊತೆಗೆ ರೋಲೂ ಇರಲಿಲ್ಲ. ಪೋಸ್ಟಿನವನನ್ನು ನಿಲ್ಲಿಸಿ ಅವನ ಚೀಲವನ್ನೇ ತಡಕಿಸಿದೆ. ಮೈಗೆ ಹುಷಾರಿಲ್ಲವೇನೋ? ಕಾರ್ಖಾನೆಯಲ್ಲಿ ಯಾರಾದರೂ ಏನಾದರೂ ಅಂದರೇ? ಬಾತುಕೋಳಿಗಳು ಏನಾದವು? ನನಗೆ ಈಗ ಬಾತುಕೋಳಿ ನೋಡದೆ ಹೊತ್ತೇ ಹೋಗುವುದಿಲ್ಲ. ಏನಾದರೂ ಕಳಿಸು.

ನಿನ್ನ ಅಕ್ಕ


ಜನವರಿ 11

ಅಕ್ಕಾ,

ಮೈ ಸರಿಯಾಗಿದೆ. ಯಾರೂ ಏನೂ ಅಂದಿಲ್ಲ.

ರೋಲು ಕೇಳಿದ್ದೆ, ಕಳಿಸಿದ್ದೇನೆ. ಎಲ್ಲ ನನ್ನ ಕೋಣೆಯ ಕಿಟಕಿಯಿಂದ ತೆಗೆದದ್ದು. ಸಜ್ಜದ ಮೇಲೆ ಗುಬ್ಬಿಗಳು ಮೈ ಉಬ್ಬಿಸಿಕೊಂಡು ಕೂರುತ್ತವೆ, ಹಿಂದೆ ಕಾರ್ಖಾನೆಯ ಗೋಡೆ ಮಾತ್ರ. ಇದರಲ್ಲಿ ನೀನು ತೆಗೆದುಹಾಕಬೇಕಾದ್ದು ಏನೂ ಇಲ್ಲ. ಕೆರೆಯ ಕಡೆ ಹೋಗುವುದನ್ನು ಬಿಟ್ಟೆ. ಬೇರೆ ದಿಕ್ಕಿಗೆ ತಿರುಗು ಅಂದಿದ್ದೆ, ತಿರುಗಿದ್ದೇನೆ.

ಒಂದು ಮಾತು ಕೇಳಿ ಸುಮ್ಮನಾಗುತ್ತೇನೆ. ಅವರನ್ನು ಒಂದು ಸಲ ಮಾತಾಡಿಸದೆ, ಹೆಸರು ಕೂಡ ಕೇಳದೆ, ಬರೀ ಫೋಟೋ ನೋಡಿ ಬೇಡ ಅಂದೆಯಲ್ಲ, ಅಂಥದ್ದೇನು ಕಂಡಿತು ನಿನಗೆ? ನಿನ್ನ ಕಣ್ಣು ನನ್ನ ಕಣ್ಣಿಗಿಂತ ಪಳಗಿದ್ದು, ಒಪ್ಪುತ್ತೇನೆ. ನನಗೆ ಕಂಡದ್ದು ಒಳ್ಳೆಯದೇ ಆಗಿತ್ತು. ಬಾಯಿಬಿಟ್ಟು ಹೇಳಲು ಬರದೆ ಫೋಟೋದಲ್ಲಿ ಹೇಳಿದೆ. ನೀನೂ ಫೋಟೋದಲ್ಲೇ ಉತ್ತರ ಕೊಟ್ಟೆ. ಇರಲಿ. ಇದಕ್ಕೆ ಉತ್ತರ ಬರೆಯಬೇಡ, ಬರೆದರೆ ಇಬ್ಬರಿಗೂ ಕಷ್ಟ.

ಕ್ಯಾಮೆರಾ ಚೀಲದಲ್ಲಿಟ್ಟಿದ್ದೇನೆ.

ನಿನ್ನ ತಮ್ಮ


ಜನವರಿ 17

ಗುಮ್ಮಾ, ಪುಟ್ಟಾ, ನನ್ನ ಪೆದ್ದ ತಮ್ಮಾ,

ಉತ್ತರ ಬರೆಯಬೇಡ ಅಂದೆ, ಬರೆಯುತ್ತಿದ್ದೇನೆ. ಕೂತು ಓದು, ನಿಂತು ಓದಬೇಡ.

ನಿನ್ನ ಕಾಗದ ಸ್ಟುಡಿಯೋಗೆ ಬಂತು. ಓದಿದೆ, ಅರ್ಥವಾಗಲಿಲ್ಲ. ಮತ್ತೆ ಓದಿದೆ. "ಅವರನ್ನು" ಅಂದರೆ ಯಾರನ್ನು? ಮೇಜಿನ ಮೇಲೆ ಯಾರದ್ದೋ ಪಾಸ್‌ಪೋರ್ಟ್ ಫೋಟೋ ಅರ್ಧ ಮೊಡವೆಯಲ್ಲಿ ನಿಂತಿತ್ತು, ಅದನ್ನು ಹಾಗೇ ಬಿಟ್ಟು ನಿನ್ನ ನೆಗೆಟಿವ್ ಡಬ್ಬಿ ತೆಗೆದೆ. ದೀಪದ ಗಾಜಿನ ಮೇಲೆ ಸಾಲಾಗಿ ಹರಡಿ, ಭೂತಗನ್ನಡಿ ಹಿಡಿದು ಒಂದೊಂದಾಗಿ ನೋಡಿದೆ.

ಮೊದಲ ಕೆರೆಯ ರೋಲಿನಲ್ಲಿ ಆಕೆ ದೂರ, ಬೋರಲು ದೋಣಿಯ ಮೇಲೆ ಬೆನ್ನು ಹಾಕಿ ಕೂತಿದ್ದಾಳೆ. ಆಮೇಲೆ ಪಕ್ಕಕ್ಕೆ ತಿರುಗಿದ್ದಾಳೆ. ಎರಡನೆಯ ರೋಲಿನಲ್ಲಿ ಹತ್ತಿರ, ಕೈಯಲ್ಲಿ ಕುಂಚ. ಕೊನೆಕೊನೆಗೆ ನೇರ ನಿನ್ನ ಕಡೆ ನೋಡುತ್ತಾ ನಗುತ್ತಿದ್ದಾಳೆ, ಕೆನ್ನೆಗೆ ಬಣ್ಣ ತಾಗಿದೆ. ನಾನು ಆ ಕೆನ್ನೆಯನ್ನು ಅರ್ಧ ದಿನ ಕೂತು ಕೆರೆದಿದ್ದೇನಲ್ಲೋ! ದಿನಕ್ಕೆ ನೂರು ಮುಖ ನೋಡುವವಳಿಗೆ ಹಿಂದಿರುವವರು ಮುಖವೇ ಅಲ್ಲ, ಬರೀ ಅಡ್ಡ. ಒಂದೊಂದು ಫೋಟೋದಲ್ಲೂ ಯಾರೋ ದಾರಿಹೋಕರು ಅಂದುಕೊಂಡೆ. ಪ್ರತಿ ಸಲ ಕೂತಿದ್ದವಳು ಇವಳೇ ಅಂತ ಹೊಳೆಯಲೇ ಇಲ್ಲ.

ಆಮೇಲೆ ಫೋಕಸ್ ನೋಡಿದೆ. ಬಾತುಕೋಳಿ ಮಸುಕು, ಆಕೆ ಸ್ಪಷ್ಟ. ಹೊಸಬ ತಪ್ಪಿದ್ದಾನೆ ಅಂತ ನಿನಗೆ ಬುದ್ಧಿ ಹೇಳಿದ್ದೆ. ಮಿಂಚುಳ್ಳಿಯ ಹಾರಾಟವನ್ನೇ ಹಿಡಿದವನು ಸುಮ್ಮನೆ ಕೂತ ಬಾತಿಗೆ ಫೋಕಸ್ ತಪ್ಪುತ್ತಾನೆಯೇ? ಇಷ್ಟು ವರ್ಷದ ಕೆಲಸದಲ್ಲಿ ಅದೊಂದನ್ನು ನಾನು ಯೋಚಿಸಬೇಕಿತ್ತು. ನೀನು ಯಾರನ್ನು ನೋಡುತ್ತಿದ್ದೆ ಅಂತ ಫಿಲ್ಮಿನ ಮೇಲೆ ಬರೆದಿಟ್ಟಿತ್ತು.

ನಾನು ಬೇಡ ಅನ್ನಲಿಲ್ಲ ಕಣೋ. ಕೇಳಿದ್ದೀಯ ಅಂತಲೇ ನನಗೆ ಗೊತ್ತಿರಲಿಲ್ಲ. ನಿನ್ನ ಬಾಯಿ ಇರುವುದು ಯಾತಕ್ಕೆ? "ಅಕ್ಕಾ, ನನಗೆ ಒಬ್ಬರು ಇಷ್ಟವಾಗಿದ್ದಾರೆ" ಅಂತ ಬರೆಯಲು ಒಂದು ಸಾಲು ಸಾಕಿತ್ತು. ಅದರ ಬದಲು ಇಡೀ ಕೆರೆಯ ಬಾತುಕೋಳಿಗಳನ್ನು ದುಡಿಸಿದೆ!

ಈಗ ನನ್ನ ಮಾತು ಕೇಳು. ಆಸ್ಪತ್ರೆಯ ಎಂಜಿನಿಯರ್ ಹತ್ತಿರ ನಾನೇ ಹೋಗಿ, ನನ್ನ ತಮ್ಮ ಬರುವುದಿಲ್ಲ ಅಂತ ಹೇಳಿ ಬಂದೆ. ಭಾವನನ್ನೂ ಕೇಳಲಿಲ್ಲ. ಮನೆಗೆ ಬಂದು ಮೇಲಿನ ಕೋಣೆಗೆ ಹೋಗಿ ಪರದೆ ಹಿಡಿದುಕೊಂಡು ಚೆನ್ನಾಗಿ ಅತ್ತೆ. ನೀನು ಬರುತ್ತೀಯ ಅಂತ ಬಹಳ ಆಸೆಪಟ್ಟಿದ್ದೆ, ಸುಳ್ಳು ಹೇಳುವುದಿಲ್ಲ. ಸಂಜೆ ಒಟ್ಟಿಗೆ ಟೀ ಕುಡಿಯಬಹುದು ಅಂದುಕೊಂಡಿದ್ದೆ. ಆದರೆ ಮನಸ್ಸು ಅಲ್ಲಿ ಬಿಟ್ಟು ಬಂದವನ ಜೊತೆ ಟೀ ಕುಡಿದರೆ ನನಗೆ ಇಳಿಯುವುದಿಲ್ಲ. ಅತ್ತು ಮುಗಿಸಿ, ಮುಖ ತೊಳೆದು, ಸ್ಟುಡಿಯೋಗೆ ಹೋಗಿ ಎಲ್ಲವನ್ನೂ ಹೊಸದಾಗಿ ಪ್ರಿಂಟ್ ಹಾಕಿದೆ. ಕೆನ್ನೆಯ ಬಣ್ಣ, ಕೆದರಿದ ಕೂದಲು, ಎಲ್ಲ ಇದ್ದ ಹಾಗೇ ಇದೆ. ಈ ಲಕೋಟೆಯಲ್ಲಿವೆ.

ನನಗೆ ಏನು ಕಂಡಿತು ಅಂತ ಕೇಳಿದ್ದೆ. ಹೇಳುತ್ತೇನೆ: ಕ್ಯಾಮೆರಾ ಹಿಡಿದವನ ಮೇಲೆ ಅವಳಿಗೂ ಮನಸ್ಸಿದೆ. ಬೇರೆಯವರನ್ನು ನೋಡಿ ಯಾರೂ ಹಾಗೆ ನಗುವುದಿಲ್ಲ. ಇದು ಮಾತ್ರ ನನ್ನ ಕಸುಬು, ಇದರಲ್ಲಿ ನಾನು ತಪ್ಪುವುದಿಲ್ಲ. ಇವತ್ತೇ ಹೋಗು. ಸ್ವೆಟರ್ ಹಾಕಿಕೊಂಡು ಹೋಗು.

ನಿನ್ನ ಅಕ್ಕ


ಜನವರಿ 27

ಅಕ್ಕಾ,

ಸ್ವೆಟರ್ ಹಾಕಿಕೊಂಡು ಹೋದೆ.

ನಿನ್ನ ಕಾಗದ ಬಂದ ದಿನ ಹೋಗಲಿಲ್ಲ. ಮಾರನೇ ದಿನ ಡಿಪೋವರೆಗೆ ಹೋಗಿ ವಾಪಸ್ ಬಂದೆ. ಅದರ ಮಾರನೇ ದಿನ ಕೆರೆಯವರೆಗೂ ಹೋದೆ. ಅರ್ಧಕ್ಕರ್ಧ ದೋಣಿಗಳಿಗೆ ಹೊಸ ಬಣ್ಣ ಬಂದಿತ್ತು. ಅವರು ಕೊನೆಯ ದೋಣಿಯ ಹತ್ತಿರ ಮೊಣಕಾಲೂರಿ ಕೂತಿದ್ದರು. ನನ್ನ ಹೆಜ್ಜೆ ಸದ್ದು ಕೇಳಿ ತಿರುಗದೇ ಮಾತಾಡಿದರು.

"ಇಷ್ಟು ದಿನ ಎಲ್ಲಿ ಹೋಗಿದ್ರಿ? ಬಾತುಕೋಳಿಗಳು ಕೇಳ್ತಾ ಇದ್ವು."

"ಬಾತುಕೋಳಿಗಳಾ?"

"ಮತ್ತೆ? ನಾನ್ಯಾಕೆ ಕೇಳ್ಲಿ?"

ನಾನು ಲಕೋಟೆ ಚಾಚಿದೆ. ಕೈ ಒರೆಸಿಕೊಂಡು ಒಂದೊಂದಾಗಿ ನೋಡಿದರು. ನಾನು ನೀರನ್ನೇ ನೋಡುತ್ತಾ ನಿಂತೆ. ಎದೆ ಕಂಪ್ರೆಸರ್ ತರಹ ಹೊಡೆದುಕೊಳ್ಳುತ್ತಿತ್ತು, ಅದೂ ರಿಪೇರಿಗೆ ಬಂದ ಕಂಪ್ರೆಸರ್.

"ಇದರಲ್ಲಿ ಬಾತುಕೋಳಿ ಎಲ್ಲಿದೆ?"

"ಇದೆ. ಮುಂದೆ, ಮಸುಕಾಗಿ."

"ಅಯ್ಯೋ, ಅದು ಬಾತುಕೋಳಿನಾ! ನಾನು ಕಲ್ಲು ಅಂದ್ಕೊಂಡೆ. ಫೋಕಸ್ ತಪ್ಪಿದೆ ನಿಮ್ದು."

"ತಪ್ಪಿಲ್ಲ," ಅಂದೆ.

ಅಷ್ಟೇ ಅಕ್ಕಾ. ನಾನು ಹೇಳಿದ್ದು ಅಷ್ಟೇ. ಆದರೆ ಅವರ ಮುಖ ನೋಡಿ ಹೇಳಿದೆ. ಅವರು ಕುಂಚ ಅದ್ದಿ ಒಂದು ಹಲಗೆ ಪೂರ್ತಿ ಬಳಿದರು, ಈ ತುದಿಯಿಂದ ಆ ತುದಿಗೆ. ಅಷ್ಟು ಉದ್ದದ ಹಲಗೆಯನ್ನು ನಾನು ಇದುವರೆಗೆ ನೋಡಿಲ್ಲ. ಆಮೇಲೆ ಹೇಳಿದರು: "ನೋಡಿ, ಬೇಸಿಗೆ ಬಂದ್ರೆ ನನಗೆ ಊಟಕ್ಕೂ ಪುರುಸೊತ್ತಿರಲ್ಲ. ನಿಮಗೂ ಇರಲ್ಲ. ಮಾತಾಡೋದೆಲ್ಲ ಈಗ್ಲೇ ಮಾತಾಡಿ ಮುಗಿಸ್ಬೇಕು. ಕೂತ್ಕೊಳ್ಳಿ."

ಕೂತೆ. ಆಗಷ್ಟೇ ಬಣ್ಣ ಬಳಿದ ಹಲಗೆಯ ಮೇಲೆ ಕೂತೆ. ಪ್ಯಾಂಟು ಹೋಯಿತು. ಅವರ ಅರ್ಧ ದಿನದ ಕೆಲಸವೂ ಹೋಯಿತು. ಬೈಯಲಿಲ್ಲ, ನಕ್ಕರು. ಎದ್ದರೆ ಇನ್ನೂ ಹಾಳಾಗುತ್ತದೆ ಅಂತ ಕತ್ತಲಾಗುವವರೆಗೆ ಎಬ್ಬಿಸಲೇ ಇಲ್ಲ.

ದೋಣಿ ವ್ಯವಹಾರ ಅವರ ಅಪ್ಪನದ್ದಂತೆ, ಈಗ ಒಬ್ಬರೇ ನೋಡಿಕೊಳ್ಳುತ್ತಾರೆ. ನಾನು ಮಾಯವಾದ ಮೇಲೆ ಕಾರ್ಖಾನೆಯ ಗೇಟಿನವರೆಗೆ ಬಂದು ಕಾವಲುಗಾರನ ಹತ್ತಿರ ವಿಚಾರಿಸಿದ್ದರಂತೆ. ಅವನೊಬ್ಬನಿಗೆ ನಾನು ಹೇಳಿದ್ದೆ. ಅವನು, ಊರು ಬಿಟ್ಟು ಹೋಗುತ್ತಿದ್ದಾರಂತೆ ಅಂದನಂತೆ. ಹಾಗೇ ತಿರುಗಿ ಹೋದರಂತೆ. ಇದನ್ನು ಹೇಳುವಾಗ ಅವರು ನಗಲಿಲ್ಲ. ನಿನ್ನ ಕಾಗದ ಒಂದು ವಾರ ತಡವಾಗಿದ್ದರೆ ನಾನು ಏನಾಗುತ್ತಿದ್ದೆ ಅಂತ ಆಗ ಯೋಚಿಸಿ ಹೆದರಿಕೆಯಾಯಿತು.

ನಾನು ಯಾಕೆ ಮಾಯವಾದೆ ಅಂತ ಹೇಳಲೇಬೇಕಾಯಿತು. ಎಲ್ಲ ಹೇಳಿದೆ: ನೀನು ಕೆರೆದದ್ದು, ಮಂಜು ತುಂಬಿದ್ದು, ಬುಡಸಮೇತ ತೆಗೆದದ್ದು. ನಕ್ಕರು ನೋಡು, ಕೆರೆಯ ಬಾತುಕೋಳಿಗಳೆಲ್ಲ ಹಾರಿಹೋದವು. ಬೇಜಾರಾಯಿತೇ ಅಂತ ಕೇಳಿದೆ.

"ನನ್ನ ಅಳಿಸೋಕೆ ನಿಮ್ಮಕ್ಕನಿಗೆ ಎಷ್ಟು ಹೊತ್ತು ಹಿಡೀತು?"

"ಒಂದೊಂದಕ್ಕೂ ಅರ್ಧ ದಿನ ಅಂತ ಬರೆದಿದ್ಲು."

"ಅಷ್ಟು ಹೊತ್ತು ನನ್ನ ಮುಖದ ಹತ್ರ ಕೂತವರು ಇನ್ಯಾರೂ ಇಲ್ಲಪ್ಪ. ಅವರನ್ನ ನಾನು ನೋಡ್ಲೇಬೇಕು."

ಹಾಗಾಗಿ ಬರುವ ತಿಂಗಳ ಎರಡನೇ ಭಾನುವಾರ ಬರುತ್ತಿದ್ದೇವೆ, ಇಬ್ಬರೂ. ಬರಿಗೈಯಲ್ಲಿ ಬರುವುದಿಲ್ಲ ಅಂತ ಅವರ ಹಟ. "ನಿಮ್ಮಕ್ಕನಿಗೆ ಏನಿಷ್ಟ?" ಅಂತ ಕೇಳಿದರು.

ಅಕ್ಕಾ, ನನಗೆ ಗೊತ್ತಿರಲಿಲ್ಲ. ನನಗೆ ಏನಿಷ್ಟ ಅಂತ ನಿನಗೆ ಚಿಕ್ಕಂದಿನಿಂದ ಎಲ್ಲ ಗೊತ್ತು. ನಿನಗೆ ಏನಿಷ್ಟ ಅಂತ ನಾನು ಒಂದು ದಿನವೂ ಕೇಳಿಲ್ಲ. ಅವರ ಎದುರಿಗೆ ನಾಚಿಕೆಯಾಯಿತು. ಮಾತು ಬರದೆ ಅಲ್ಲ, ಯೋಚನೆಯೇ ಬರದೆ ಸುಮ್ಮನಿದ್ದುಬಿಟ್ಟಿದ್ದೇನೆ.

ಈಗ ಕೇಳುತ್ತಿದ್ದೇನೆ. ನಿನಗೆ ಏನಿಷ್ಟ? ಬೇಗ ಬರೆ.

ನಿನ್ನ ತಮ್ಮ


ಫೆಬ್ರವರಿ 3

ಗುಮ್ಮಾ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಓದಿ ಓದಿ ಮಡಿಕೆಯಲ್ಲಿ ಹರಿದಿದೆ. ಭಾವ ಈಗ ಮನೆಯಲ್ಲಿ ಏನು ಕೇಳಿದರೂ "ತಪ್ಪಿಲ್ಲ" ಅನ್ನುತ್ತಿದ್ದಾರೆ. ಸಾರಿಗೆ ಉಪ್ಪು ಜಾಸ್ತಿಯಾಯಿತೇ ಅಂದರೂ ಅದೇ.

ಏನಿಷ್ಟ ಅಂತ ಕೇಳಿದ್ದೀಯ. ನಗಬೇಡ, ನಾನು ಕೆಲಸ ಬಿಟ್ಟು ಒಂದು ಮಧ್ಯಾಹ್ನ ಕೂತು ಯೋಚಿಸಿದೆ. ಸೀರೆ ಬೇಡ, ಬೀರುವಿನಲ್ಲಿ ಜಾಗವಿಲ್ಲ. ಸಿಹಿ ಬೇಡ, ಭಾವನಿಗೆ ಡಾಕ್ಟರು ಬೇಡ ಅಂದಿದ್ದಾರೆ, ಅವರ ಎದುರಿಗೆ ನಾನೊಬ್ಬಳೇ ಹೇಗೆ ತಿನ್ನಲಿ? ಯೋಚಿಸುತ್ತಾ ಎದುರಿಗಿನ ಗೋಡೆ ನೋಡಿದೆ. ಈ ಊರಿನ ಅರ್ಧ ಜನರ ಮುಖ ನನ್ನ ಕೈಯಲ್ಲಿ ಚೆಂದವಾಗಿದೆ. ನನ್ನದೊಂದು ಫೋಟೋ ಇಲ್ಲ ಕಣೋ. ಹಲ್ಲು ಬಿದ್ದಾಗಿನದೊಂದು, ಮದುವೆಯದೊಂದು, ಅದರಲ್ಲೂ ಕಣ್ಣು ಮುಚ್ಚಿದ್ದೇನೆ. ಸ್ಟುಡಿಯೋದಲ್ಲಿ ಎಲ್ಲರೂ ಕ್ಯಾಮೆರಾದ ಮುಂದೆ ಕೂರುತ್ತಾರೆ, ನಾನು ಯಾವಾಗಲೂ ಒಳಗಿನ ಕೋಣೆಯಲ್ಲಿರುತ್ತೇನೆ.

ಅದಕ್ಕೇ, ಬರುವಾಗ ಕ್ಯಾಮೆರಾ ತಾ. ಮನುಷ್ಯರ ಫೋಟೋ ತೆಗೆಯಲು ಧೈರ್ಯ ಸಾಲದು ಅನ್ನುತ್ತಿದ್ದೆಯಲ್ಲ, ನನ್ನಿಂದ ಶುರುಮಾಡು. ಆಕೆಯನ್ನು ನನ್ನ ಪಕ್ಕದಲ್ಲೇ ಕೂರಿಸು, ಹಿಂದೆ ಅಲ್ಲ.

ಒಂದೇ ಒಂದು ಷರತ್ತು. ಆ ರೋಲು ನನ್ನ ಕೈಗೆ ಕೊಡಬೇಡ. ನಾನು ಬೇಡಿಕೊಂಡರೂ, ಅತ್ತರೂ ಕೊಡಬೇಡ. ನನ್ನ ಸುಕ್ಕು, ನರೆ, ಮೂಗಿನ ಮೇಲಿನ ಮಚ್ಚೆ ನೋಡಿದರೆ ಈ ಕೈ ಕೇಳುವುದಿಲ್ಲ. ಬೇರೆ ಯಾರ ಹತ್ತಿರವಾದರೂ ತೊಳೆಸು, ಇದ್ದ ಹಾಗೇ ಇರಲಿ.

ನಿನ್ನ ಅಕ್ಕ